ಕೌಂಟರಿನಲ್ಲಿ ಇಪ್ಪತ್ತೆರಡು ನಿಮಿಷ

ಬ್ಯಾಂಕಿನ ಕೇಂದ್ರ ಕಚೇರಿಯ ಮಾನವ ಬಂಡವಾಳ ವಿಭಾಗದ ಮುಖ್ಯಸ್ಥರಿಗೆ,
ಕ್ವಾಲಾಲಂಪುರ

ಮಾನ್ಯರೇ,

ನಮ್ಮ ಕೋತಾ ಬಾರು ಶಾಖೆಯ ನಿಕ್ ರುಸ್ನಾನಿಯನ್ನು ತಾವು ಎತ್ತಿಕೊಂಡು ಹೋಗಿ ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ ಶಾ ಆಲಂನಲ್ಲಿ, ಕಡತದ ಗೋದಾಮಿನಲ್ಲಿ ಕೂರಿಸಿದ್ದೀರಿ. ಆಕೆಯನ್ನು ನಮಗೆ ವಾಪಸು ಕೊಡಿ. ಪತ್ರದ ಸಾರ ಇಷ್ಟೇ. ತಮಗೆ ಸಮಯವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಆದೇಶಕ್ಕೆ ಸಹಿ ಹಾಕಬಹುದು. ಇದರ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ, ಉಳಿದದ್ದನ್ನು ಅದನ್ನು ಓದುವ ಜನ ಓದಿಕೊಳ್ಳುತ್ತಾರೆ.

ಇನ್ನೂ ಓದುತ್ತಿದ್ದೀರಿ ಎಂದರೆ ಸಹಿ ಹಾಕಿಲ್ಲ ಎಂದಾಯಿತು. ಸರಿ, ಒಂದು ಲೋಟ ಚಹಾ ತರಿಸಿಕೊಂಡು ಕೂರಿ. ದೂರು ಬರೆಯುವವರಿಗೆ ಕೋಪ ಇರಬೇಕು ಎಂಬುದು ನನಗೂ ಗೊತ್ತು. ಆದರೆ ಈ ವಿಷಯ ನೆನೆದಾಗಲೆಲ್ಲ ನನಗೆ ನಗು ಬಂದುಬಿಡುತ್ತದೆ. ಮೂರು ದಿನದಿಂದ ಬರೆಯಲು ಕೂತು ಮೂರು ಹಾಳೆಗಳ ಮೇಲೆ ಚಹಾ ಚೆಲ್ಲಿಕೊಂಡಿದ್ದೇನೆ. ನಗುವಿನ ಒಳಗೆ ಸಿಟ್ಟು ಇದೆ, ಹುಡುಕಿದರೆ ಸಿಗುತ್ತದೆ.

ನಾನು ವಾನ್ ಸೆಪಿಯಾ, ವಯಸ್ಸು ಅರವತ್ತೊಂದು. ಊರಿನ ದೊಡ್ಡ ಮಾರುಕಟ್ಟೆಯಲ್ಲಿ ಸೆರುಂಡಿಂಗ್ ಮಾರುತ್ತೇನೆ. ದನದ ಮಾಂಸ, ತೆಂಗಿನಕಾಯಿ, ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಐದಾರು ಗಂಟೆ ಮಗುಚುತ್ತಲೇ ಇದ್ದರೆ ಹತ್ತಿಯ ಹಾಗೆ ಬಿಡಿಬಿಡಿಯಾಗುತ್ತದಲ್ಲ, ಅದು. ರಂಜಾನ್ ತಿಂಗಳಲ್ಲಿ ತಮ್ಮ ಮನೆಗೂ ಯಾರಾದರೂ ಒಂದು ಡಬ್ಬ ತಂದುಕೊಟ್ಟಿರುತ್ತಾರೆ, ನನ್ನದೇ ಇದ್ದರೂ ಇರಬಹುದು. ನಮ್ಮ ಕೆಲಂತಾನ್ ರಾಜ್ಯದಲ್ಲಿ ಮಾರುಕಟ್ಟೆ ಹೆಂಗಸರದು. ಗಂಡಸರು ಮೂಟೆ ಇಳಿಸಲು ಬರುತ್ತಾರೆ. ನನ್ನ ಯಜಮಾನರು ಮೂಟೆ ಇಳಿಸಿದ ಮೇಲೆ ಉಳಿದ ಹೊತ್ತನ್ನೆಲ್ಲ ಹಾಡುವ ಪಾರಿವಾಳಗಳ ಸೇವೆಗೆ ಮುಡಿಪಾಗಿಟ್ಟಿದ್ದಾರೆ. ಆದ್ದರಿಂದ ಬ್ಯಾಂಕಿಗೆ ಹೋಗುವ ಕೆಲಸ ನನ್ನದು. ನಲವತ್ತು ವರ್ಷ ಮಗುಚಿ ಬಲಭುಜ ಸವೆದುಹೋಗಿತ್ತು. ನಿಮ್ಮ ಬ್ಯಾಂಕಿನ ನೆರವಿನಿಂದ ಮಗುಚುವ ಯಂತ್ರವೊಂದನ್ನು ಕೊಳ್ಳೋಣ ಎಂದುಕೊಂಡೆ. ಇಡೀ ಕಥೆ ಶುರುವಾದದ್ದು ಆ ಭುಜದಿಂದ.

ನಿಮ್ಮ ಶಾಖೆ ಆಗ ಹೇಗಿತ್ತು ಎಂದು ಹೇಳಲೇ? ಪೂರ್ವ ಕರಾವಳಿಯ ಹದಿನೆಂಟು ಶಾಖೆಗಳಲ್ಲಿ ಹದಿನೆಂಟನೆಯದು. ಮ್ಯಾನೇಜರ್ ರೊಸ್ಲಾನ್ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಆರು ವರ್ಷದಲ್ಲಿ ಅವರ ಹಲ್ಲನ್ನು ಕಂಡವರಿರಲಿಲ್ಲ. ಕೌಂಟರಿನವರು ನಮ್ಮನ್ನು ನೋಡುವ ರೀತಿ ಹೇಗಿತ್ತೆಂದರೆ, ನಾವು ಹಣ ಇಡಲು ಬಂದಿದ್ದೇವೋ ಹರಕೆ ತೀರಿಸಲು ಬಂದಿದ್ದೇವೋ ನಮಗೇ ಅನುಮಾನವಾಗುತ್ತಿತ್ತು. ಇದಕ್ಕೆ ತಾವು ಮದ್ದು ಕಂಡುಹಿಡಿದಿರಿ: ಪ್ರೇರಣಾ ಶಿಬಿರ. ಇಡೀ ಶಾಖೆಯನ್ನು ಮೂರು ದಿನ ರಾಜಧಾನಿಯ ಹೋಟೆಲಿಗೆ ಕರೆಸಿಕೊಂಡು, ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿ, ಎದೆ ತಟ್ಟಿಕೊಂಡು 'ನಾನು ಹುಲಿ' ಎಂದು ಕೂಗಿಸಿದಿರಿ. ಅದಕ್ಕೊಂದು ಚಪ್ಪಾಳೆಯೂ ಇತ್ತಂತೆ, ಹುಲಿ ಚಪ್ಪಾಳೆ. ಆಮೇಲೆ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಒಳಗಿನಿಂದ ಆ ಚಪ್ಪಾಳೆ, ಆ ಕೂಗು ನಮ್ಮ ಮಾರುಕಟ್ಟೆಯವರೆಗೂ ಕೇಳುತ್ತಿತ್ತು. ನನ್ನ ಪಕ್ಕದ ಮಳಿಗೆಯ ಬುಡು ಮಾರುವವಳು ಮೀನಿನ ರಸದ ಶೀಶೆ ಒರೆಸುತ್ತ, "ಅಕ್ಕ, ಬ್ಯಾಂಕಿನೋರಿಗೆ ಇವತ್ತೂ ಸಂಬಳ ಕೊಟ್ಟಿಲ್ಲ ಅಂತ ಕಾಣತ್ತೆ" ಎನ್ನುತ್ತಿದ್ದಳು.

ಆದರೂ ಆ ಶಿಬಿರಕ್ಕೆ ನಾನು ಋಣಿ. ಏಕೆಂದರೆ ಎಲ್ಲರೂ ಹುಲಿಯಾಗಲು ಹೋದ ಆ ಮೂರು ದಿನ ಶಾಖೆಯಲ್ಲಿ ಉಳಿದವಳು ನಿಕ್ ರುಸ್ನಾನಿ ಒಬ್ಬಳೇ. ಆಕೆಯ ದರ್ಜೆ ಕಡಿಮೆಯಂತೆ, ಶಿಬಿರಕ್ಕೆ ಅರ್ಹತೆ ಇಲ್ಲವಂತೆ. ಹನ್ನೊಂದು ವರ್ಷದಿಂದ ಹಿಂಬದಿಯ ಕೋಣೆಯಲ್ಲಿ ಕಡತ ಜೋಡಿಸುತ್ತಿದ್ದವಳನ್ನು 'ಬಂದವರಿಗೆ ನಾಳೆ ಬನ್ನಿ ಎಂದು ಹೇಳು' ಎಂದು ಕೌಂಟರಿನಲ್ಲಿ ಕೂರಿಸಿ ಹೋಗಿದ್ದರು. ಆಕೆ ಒಬ್ಬರಿಗೂ ನಾಳೆ ಬನ್ನಿ ಎನ್ನಲಿಲ್ಲ.

ನಾನು ಯಂತ್ರದ ಕಾಗದ ಹಿಡಿದು ಹೋದೆ. ಹಕೀಮ್ ಎಂಬ ನಿಮ್ಮ ಯುವ ಅಧಿಕಾರಿ ಶಿಬಿರಕ್ಕೆ ಹೊರಡುವ ಮೊದಲೇ ಎಲ್ಲ ಸಿದ್ಧ ಮಾಡಿಟ್ಟಿದ್ದ. ಮಾರುವವನನ್ನೂ ಅವನೇ ಹುಡುಕಿದ್ದ, ಅತಿ ದೊಡ್ಡ ಯಂತ್ರವನ್ನೇ ಆರಿಸಿದ್ದ. ಪಾಪ, ಅವನಿಗೆ ತಿಂಗಳ ಗುರಿ ಮುಟ್ಟಬೇಕಿತ್ತು. ರುಸ್ನಾನಿ ಕಾಗದ ತಿರುವಿ ನೋಡಿದಳು. ನಮ್ಮಲ್ಲಿ ತಾಯಿಯ ವಯಸ್ಸಿನವರನ್ನು ಮೊಕ್ ಎಂದು ಕರೆಯುತ್ತಾರೆ.

"ಮೊಕ್, ಇದನ್ನ ಓದಿದೀರಾ?"

"ಓದೋದೇನು ಬಂತಮ್ಮ. ಹಕೀಮ್ ಪೆನ್ಸಿಲಲ್ಲಿ ಗುರುತು ಹಾಕಿದಾನೆ. ಗುರುತು ಇರೋ ಕಡೆಯೆಲ್ಲ ಸಹಿ."

"ನಮ್ಮ ಹತ್ರ ಏನು ತಗೋತಾ ಇದೀರಾ ಅಂತ ಗೊತ್ತಾ?"

"ದುಡ್ಡು."

"ದುಡ್ಡಲ್ಲ ಮೊಕ್. ದುಡ್ಡು ಕೊಟ್ಟು ಬಡ್ಡಿ ತಗೊಳ್ಳೋರು ರಸ್ತೆ ಆಚೆ ಇದಾರೆ. ನಮ್ಮದು ಇಸ್ಲಾಮಿ ಬ್ಯಾಂಕು, ಬಡ್ಡಿ ಮುಟ್ಟೋ ಹಂಗಿಲ್ಲ, ನಾವು ವಸ್ತು ಮಾರೋರು. ನಿಮ್ಮ ಹಂಗೇ ಅಂಗಡಿಯೋರು."

"ಹಂಗಾದ್ರೆ ತೋರಿಸಮ್ಮ ನಿನ್ನ ವಸ್ತುನ."

ಆಕೆ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು. "ಹನ್ನೊಂದು ವರ್ಷದಿಂದ ಯಾರಾದ್ರೂ ಈ ಮಾತು ಕೇಳ್ತಾರಾ ಅಂತ ಕಾಯ್ತಾ ಇದ್ದೆ" ಎಂದಳು. ಆ ಕೋಣೆಯಲ್ಲಿ ಕೂತು ಆಕೆ ಕಡತ ಜೋಡಿಸುವುದರ ಜೊತೆಗೆ ಪ್ರತಿಯೊಂದು ಕರಾರು ಪತ್ರವನ್ನೂ ಓದಿದ್ದಳು. ಸಹಿ ಮಾಡಿದವರು ಓದಿರಲಿಲ್ಲ, ಮಾಡಿಸಿದವರೂ ಓದಿರಲಿಲ್ಲ. ಓದಿದವಳು ಆಕೆ ಒಬ್ಬಳೇ.

"ಪಕ್ಕದ ಮಳಿಗೆಯವಳ ಡಬ್ಬದಲ್ಲಿರೋ ಸೆರುಂಡಿಂಗ್‌ನ ನೀವು ನನಗೆ ಮಾರ್ತೀರಾ?" ಎಂದು ಕೇಳಿದಳು.

"ಮಾರಿದ್ರೆ ಅವಳು ನನ್ನ ಇನ್ನೊಂದು ಭುಜನೂ ಮುರೀತಾಳೆ."

"ಅಷ್ಟೇ ಮೊಕ್. ಬ್ಯಾಂಕು ಮೊದಲು ಯಂತ್ರ ಕೊಂಡು ತನ್ನದು ಮಾಡ್ಕೋಬೇಕು. ಅಲ್ಲೀವರೆಗೂ ಅದು ಕೆಟ್ರೆ ನಷ್ಟ ಬ್ಯಾಂಕಿಂದು. ಆಮೇಲೆ, ಇಷ್ಟಕ್ಕೆ ತಂದೆ, ಇಷ್ಟು ಲಾಭ ಇಟ್ಕೊಂಡೆ ಅಂತ ಬಾಯಿಬಿಟ್ಟು ಹೇಳಿ ನಿಮಗೆ ಮಾರಬೇಕು. ಮುರಾಬಹ ಅಂತ ದೊಡ್ಡ ಹೆಸರಿಟ್ಟಿದಾರೆ. ಒಳಗಿರೋದು ಮಾರುಕಟ್ಟೆ ನಿಯತ್ತು."

"ಹಂಗಾದ್ರೆ ನಿಮ್ಮೋರು ಯಾರಾದ್ರೂ ಆ ಯಂತ್ರ ನೋಡಿದಾರಾ?"

"ಬಿಲ್ಲು ನೋಡಿದಾರೆ."

ಮಾನ್ಯರೇ, ಈ ಮಾತುಕತೆಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ನಲವತ್ತು ವರ್ಷ ವ್ಯಾಪಾರ ಮಾಡಿದ ನನಗೆ ನನ್ನ ಬ್ಯಾಂಕು ಏನು ಮಾಡುತ್ತದೆ ಎಂದು ತಿಳಿದದ್ದು ಆ ಇಪ್ಪತ್ತೆರಡು ನಿಮಿಷದಲ್ಲಿ.

ಭಾನುವಾರ ಹುಲಿಗಳು ಮರಳಿದವು. ನಮ್ಮಲ್ಲಿ ರಜೆ ಶುಕ್ರವಾರ, ಶನಿವಾರ; ವಾರ ಶುರುವಾಗುವುದು ಭಾನುವಾರ. ತಾವು ಕಳಿಸುವ ಆದೇಶಗಳನ್ನು ನೋಡಿದರೆ ಈ ವಿಷಯ ಕೇಂದ್ರ ಕಚೇರಿಗೆ ಇನ್ನೂ ತಲುಪಿದಂತಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ್ದ ರೊಸ್ಲಾನ್ ಸಾಹೇಬರ ಮುಂದೆ ರುಸ್ನಾನಿ ನನ್ನ ಕಡತ ಇಟ್ಟಳು. ನಾನು ಪಕ್ಕದಲ್ಲೇ ಕೂತಿದ್ದೆ.

"ಬಾಸ್, ಮಾರೋ ಮುಂಚೆ ಈ ಯಂತ್ರನ ನಾವು ನೋಡಬೇಕು."

"ಫೋಟೋ ಇದೆಯಲ್ಲ ರುಸ್ನಾನಿ."

"ಫೋಟೋ ಮಾರೋದಾದ್ರೆ ಫೋಟೋ ಸಾಕು ಬಾಸ್."

ಹಕೀಮ್ ನೆಲ ನೋಡಿದ. ರೊಸ್ಲಾನ್ ಸಾಹೇಬರು ಕಿಟಕಿ ನೋಡಿದರು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡರು. ಯಾಕೆ ಎಂದು ಅವರಿಗೂ ಇವತ್ತಿನವರೆಗೆ ಗೊತ್ತಿಲ್ಲವಂತೆ.

ನಾವು ನಾಲ್ವರು ಪಾಸಿರ್ ಮಾಸ್‌ಗೆ ಹೋದೆವು. ಮಾರುವವನ ಹೆಸರು ಪೊಕ್ ಡೆರಾ. ರಬ್ಬರ್ ಹಾಳೆ ಒಣಗಿಸುವ ಕೊಟ್ಟಿಗೆಯ ಹಿಂದೆ ಟಾರ್ಪಾಲಿನ ಕೆಳಗೆ ಯಂತ್ರ ನಿಂತಿತ್ತು. ಅವನು ಮದುಮಗಳ ಮುಸುಕು ಸರಿಸುವಂತೆ ಟಾರ್ಪಾಲು ಸರಿಸಿದ. ಎಲೆಹಸಿರು ಬಣ್ಣ, ದೊಡ್ಡ ಹೊಟ್ಟೆ, ಮೇಲಕ್ಕೆ ತೆರೆದ ಬಾಯಿ. ರೊಸ್ಲಾನ್ ಸಾಹೇಬರು ಮೆಚ್ಚಿ ಅದರ ಬೆನ್ನು ತಟ್ಟಿದರು, ಅಂಗೈ ಹಸಿರಾಯಿತು. ಬಣ್ಣ ಇನ್ನೂ ಒಣಗಿರಲಿಲ್ಲ.

"ಇದಕ್ಕೆ ಉರಿ ಎಲ್ಲಿ ಹಾಕೋದು?" ಎಂದು ನಾನು ಕೇಳಿದೆ.

"ಇದು ಹೊಸ ನಮೂನೆ ಅಕ್ಕ. ಉರಿನೇ ಬೇಡ."

"ಉರಿ ಇಲ್ದೆ ಮಾಂಸ ಹೆಂಗೆ ಬೇಯತ್ತೆ?"

"ತಿರುಗ್ತಾ ತಿರುಗ್ತಾ ಬಿಸಿ ಆಗತ್ತೆ."

ನಾನು ಯಂತ್ರದ ಬಾಯೊಳಗೆ ಕೈ ಹಾಕಿದೆ. ತಳದಲ್ಲಿ ಏನೋ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದು ಹೊರತೆಗೆದೆ. ಬೂದು ಬಣ್ಣದ ಚೂರು. ನಲವತ್ತು ವರ್ಷ ತಳಹತ್ತಿದ ಪಾತ್ರೆ ಕೆರೆದವಳು ನಾನು. ಮಾಂಸ ಎಷ್ಟೇ ಸೀದರೂ ಹಾಗಾಗುವುದಿಲ್ಲ.

"ಪೊಕ್ ಡೆರಾ," ಎಂದೆ, "ಇದು ಸಿಮೆಂಟು ಕಲಸೋದು."

ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಸ್ವಲ್ಪ ಯೋಚಿಸಿ ಬಹಳ ಗಂಭೀರವಾಗಿ ಹೇಳಿದ: "ಕಲಸೋದು ಅಂದ್ಮೇಲೆ ಕಲಸೋದೇ ಅಲ್ವಾ ಅಕ್ಕ. ಒಳಗಿರೋದು ಮಾಂಸವೋ ಸಿಮೆಂಟೋ, ಅದಕ್ಕೇನು ಗೊತ್ತಾಗತ್ತೆ."

ಆಮೇಲೆ ಎಲ್ಲಿಂದಲೋ ಒಂದು ಸದ್ದು ಬಂತು, ಕುದಿಯುವ ಕೆಟಲಿನ ಮುಚ್ಚಳ ಕುಣಿದಂತೆ. ರೊಸ್ಲಾನ್ ಸಾಹೇಬರು ನಗುತ್ತಿದ್ದರು. ನಕ್ಕರು, ನಿಂತಲ್ಲಿ ನಿಲ್ಲಲಾಗದೆ ರಬ್ಬರ್ ಹಾಳೆಗಳ ಮೇಲೆ ಕುಸಿದರು, ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಸಿರು ಬಳಿದುಕೊಂಡರು. ಅದನ್ನು ನೋಡಿ ನಾನು ನಕ್ಕೆ, ಹೆದರಿ ಬಿಳಿಚಿಕೊಂಡಿದ್ದ ಹಕೀಮ್ ನಕ್ಕ, ಕೊನೆಗೆ ಪೊಕ್ ಡೆರಾನೂ ನಕ್ಕ. ನಗದವಳು ರುಸ್ನಾನಿ ಮಾತ್ರ. ಆಕೆ ಪುಸ್ತಕ ತೆರೆದು ಬರೆದುಕೊಂಡಳು: 'ವಸ್ತು ಇಲ್ಲ. ಆದ್ದರಿಂದ ಮಾರಾಟ ಇಲ್ಲ.'

ಮರಳುವ ದಾರಿಯಲ್ಲಿ ಆಕೆ ನನ್ನನ್ನು ವಿಚಾರಿಸಿದಳು: ದಿನಕ್ಕೆ ಎಷ್ಟು ಮಾಡುತ್ತೀರಿ, ಎಷ್ಟು ಮಾರುತ್ತೀರಿ, ಎಷ್ಟು ಉಳಿಯುತ್ತದೆ. ಕೇಳಿದ ಮೇಲೆ, "ಮೊಕ್, ನಿಮಗೆ ಯಂತ್ರ ಬೇಡ. ಇನ್ನೊಂದು ಅಗಲದ ಬಾಣಲೆ, ಇನ್ನೊಂದು ಒಲೆ, ಮಗುಚೋಕೆ ನಿಮ್ಮ ತಂಗಿ ಮಗಳು ಸಾಕು. ನಮ್ಮ ಬ್ಯಾಂಕಿನ ಕೆಲಸ ಇದರಲ್ಲಿಲ್ಲ" ಎಂದಳು. ಹಕೀಮ್ ಮುಂದಿನ ಸೀಟಿನಲ್ಲಿ ನರಳಿದ. ಅವನ ತಿಂಗಳ ಗುರಿ ಕಾರಿನ ಕಿಟಕಿಯಿಂದ ಹಾರಿಹೋಗಿತ್ತು.

ತಮ್ಮ ಲೆಕ್ಕದಲ್ಲಿ ಅಂದು ಬ್ಯಾಂಕಿಗೆ ಒಂದು ವ್ಯವಹಾರ ನಷ್ಟ. ನಮ್ಮ ಲೆಕ್ಕ ಕೇಳಿ. ಮರುದಿನ ಬೆಳಿಗ್ಗೆ ಹೊತ್ತೇರುವ ಮೊದಲೇ ಸಿಮೆಂಟಿನ ಕಥೆ ಮಾರುಕಟ್ಟೆಯ ನಾಲ್ಕೂ ಅಂತಸ್ತು ಹತ್ತಿತ್ತು. "ಬೇಡ ಅಂತ ಹೇಳೋ ಬ್ಯಾಂಕಂತೆ ಕಣೇ" ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ ರುಸ್ನಾನಿಯ ಮುಂದೆ ನಿಂತಿದ್ದರು. ಬೇಡ ಎನ್ನಲು ಗೊತ್ತಿರುವವಳು ಬೇಕು ಎಂದರೆ ಅದನ್ನು ನಂಬಬಹುದಲ್ಲವೇ? ಇಷ್ಟು ಸರಳ ವಿಷಯಕ್ಕೆ ಹೋಟೆಲು, ಕಾಗದದ ಲೋಟ ಯಾಕೆ ಬೇಕಾದವು?

ಆಮೇಲೆ ಶಾಖೆಗೆ ಏನೋ ಹಿಡಿಯಿತು. ರೊಸ್ಲಾನ್ ಸಾಹೇಬರು ರುಸ್ನಾನಿಯನ್ನು ಕೌಂಟರಿನಲ್ಲೇ ಉಳಿಸಿಕೊಂಡು, ಕಣ್ಣಾರೆ ಕಾಣದ್ದನ್ನು ಮಾರುವುದಿಲ್ಲ ಎಂದು ಹಟ ಹಿಡಿದರು. ತುಂಪಾತ್‌ಗೆ ಆಡು ನೋಡಲು ಹೋದರು. ಆಡು ಹಕೀಮನ ಅರ್ಜಿಯ ಎರಡನೇ ಪುಟ ತಿಂದಿತು. ಮೀನುಗಾರನ ದೋಣಿ ನೋಡಲು ಹೋಗಿ, ದೋಣಿ ನೀರಿನ ಮೇಲೂ ನಿಲ್ಲುತ್ತದೆಯೇ ಎಂದು ಖಚಿತ ಮಾಡಿಕೊಳ್ಳಲು ಹತ್ತಿ, ಬೆಳಗಿನ ತಿಂಡಿಯನ್ನು ನದಿಗೆ ಅರ್ಪಿಸಿ ಬಂದರು. ಕೌಂಟರಿನಲ್ಲಿ ಫೋನಿನೊಳಗೆ ತಲೆ ಹುದುಗಿಸಿಕೊಂಡಿದ್ದ ಹುಡುಗಿ, "ಮೊಕ್, ನಿಮ್ಮ ಹೊಲಿಗೆ ಯಂತ್ರ ನೋಡೋಕೆ ಇವತ್ತು ನನ್ನ ಸರದಿ" ಎಂದು ಬಟ್ಟೆ ಹೊಲಿಯುವವಳ ಮುಂದೆ ಬಂದು ನಿಂತಳು. ಮಧ್ಯಾಹ್ನ ಎಲ್ಲರೂ ಶಂಖಪುಷ್ಪದ ಬಣ್ಣ ಹಾಕಿದ ನಮ್ಮೂರ ನೀಲಿ ಅನ್ನದ ಪೊಟ್ಟಣ ಹಿಡಿದು ಕಡತದ ಕೋಣೆಯಲ್ಲಿ ಕೂರುತ್ತಿದ್ದರು. ರುಸ್ನಾನಿ ಹಳೆಯ ಕರಾರುಗಳನ್ನು ತೆಗೆದು, ಯಾವುದು ಸರಿ, ಯಾವುದು ಹೆಸರಿಗಷ್ಟೇ ಸರಿ ಎಂದು ಹೇಳಿಕೊಡುತ್ತಿದ್ದಳು. ಹಕೀಮ್ ಒಂದು ದಿನ ನನ್ನ ಮಳಿಗೆಗೆ ಬಂದು ತಾನಾಗಿಯೇ ಹೇಳಿದ: "ಮೊಕ್, ಮುಂಚೆ ನಾನು ಮನೆಗೆ ಹೋದ್ರೆ ಅಮ್ಮ ಇವತ್ತೇನು ಮಾಡ್ದೆ ಅಂತ ಕೇಳೋಳು, ನನಗೆ ಹೇಳೋಕೆ ಏನೂ ಇರ್ತಿರ್ಲಿಲ್ಲ. ಈಗ ಊಟ ತಣ್ಣಗಾದ್ರೂ ಮಾತು ಮುಗಿಯಲ್ಲ." ಹುಲಿ ಚಪ್ಪಾಳೆ ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಯಾರಿಗೂ ಪುರಸೊತ್ತಿರಲಿಲ್ಲ ಅಷ್ಟೇ.

ವರ್ಷ ತುಂಬುವಾಗ ಹದಿನೆಂಟನೆಯ ಶಾಖೆ ಮೊದಲನೆಯದಾಯಿತು. ನಿಮ್ಮ ಬ್ಯಾಂಕಿನ ಪತ್ರಿಕೆಯಲ್ಲಿ ಚಿತ್ರ ಬಂತು: ತಾವು, ತಮ್ಮ ಕೈಯಲ್ಲಿ ಫಲಕ, ತಮ್ಮ ಹಿಂದೆ ಹುಲಿಯ ಭಿತ್ತಿಪತ್ರ, ಕೆಳಗೆ 'ಪ್ರೇರಣಾ ಶಿಬಿರದ ಅಮೋಘ ಫಲ' ಎಂಬ ಸಾಲು. ಫಲಕದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ತಾವು ಒಳ್ಳೆಯ ಅಂಗಿ ತೊಟ್ಟಿದ್ದಿರಿ. ಆದರೆ ಅದೇ ವಾರ ರುಸ್ನಾನಿಯ ಕೈಗೆ ತಮ್ಮ ವಿಭಾಗದ ಅಂಕಪಟ್ಟಿ ಬಂತು. ಆಕೆಯೇ ನನ್ನ ಮಳಿಗೆಯ ಮುಂದಿನ ಮಣೆಯ ಮೇಲೆ ಕೂತು ಓದಿ ಹೇಳಿದಳು.

"ಒಬ್ಬ ಗ್ರಾಹಕರಿಗೆ ಆರು ನಿಮಿಷ ಅಂತ ನಿಯಮ. ನಾನು ಇಪ್ಪತ್ತೆರಡು. ಸೊನ್ನೆ. ಜಾಗದಲ್ಲಿ ಇಲ್ಲದ್ದು ನಲವತ್ತೊಂದು ಸಲ. ಸೊನ್ನೆ. ತರಬೇತಿ ಪ್ರಮಾಣಪತ್ರ, ಯಾವುದೂ ಇಲ್ಲ. ಬಂದ ವ್ಯವಹಾರ ವಾಪಸು ಕಳಿಸಿದ್ದಕ್ಕೆ ಸೊನ್ನೆಗಿಂತ ಕೆಳಗೆ. ಮುಗುಳ್ನಗೆ, ಐದಕ್ಕೆ ಎರಡು."

"ಎರಡು ಯಾಕಮ್ಮ ಕೊಟ್ರು?"

"ಹಲ್ಲು ನೋವಿತ್ತು ಮೊಕ್, ಬಾಯಿ ಒಂದು ಕಡೆ ಎಳೀತಿತ್ತು. ನಗು ಅಂದ್ಕೊಂಡಿರಬೇಕು."

ಕೆಳಗೆ ಷರಾ: 'ಕಡಿಮೆ ಮೌಲ್ಯದ ಮಾನವ ಬಂಡವಾಳ. ಗ್ರಾಹಕರ ಸಂಪರ್ಕವಿಲ್ಲದ ಹುದ್ದೆಗೆ ಸೂಕ್ತ.' ಅದರ ಹಿಂದೆಯೇ ವರ್ಗಾವಣೆ, ಶುಕ್ರವಾರ ಹಾಜರಾಗಬೇಕೆಂದು.

ಮಾನ್ಯರೇ, ಬಂಡವಾಳ ಎಂದರೆ ಏನು ಎಂದು ನನಗೆ ಗೊತ್ತು, ಅದನ್ನು ದಿನಾ ಬೆಂಕಿಯ ಮೇಲಿಟ್ಟು ಮಗುಚುವವಳು ನಾನು. ಒಳ್ಳೆಯ ತೆಂಗಿನಕಾಯಿ ಯಾವುದು ಎಂದು ತಿಳಿಯಲು ನಾನು ಅದನ್ನು ಅಲ್ಲಾಡಿಸಿ ಕಿವಿಗೆ ಹಿಡಿಯುತ್ತೇನೆ. ತಾವು ಮನುಷ್ಯರನ್ನು ಬಂಡವಾಳ ಎಂದು ಕರೆಯುತ್ತೀರಿ, ಆಗಲಿ, ಆ ಹೆಸರಿಗೂ ಒಂದು ಮರ್ಯಾದೆ ಇದೆ. ಆದರೆ ತಮ್ಮ ಶಾಖೆಯನ್ನು ಎತ್ತಿ ನಿಲ್ಲಿಸಿದ ಬಂಡವಾಳ ಯಾವುದು ಎಂದು ಒಮ್ಮೆಯಾದರೂ ಕಿವಿಗೊಟ್ಟು ಕೇಳಿದ್ದೀರಾ? ತಮ್ಮ ಬ್ಯಾಂಕಿನ ಬಾಗಿಲ ಮೇಲೆ ಧರ್ಮದ ಹೆಸರಿದೆ. ಗ್ರಾಹಕರಿಗೆ ಕರಾರನ್ನು ಅರ್ಥವಾಗುವಂತೆ ಹೇಳಬೇಕು, ತನ್ನದಲ್ಲದ್ದನ್ನು ಮಾರಬಾರದು ಎಂಬುದು ಆ ಧರ್ಮದ ಮಾತು. ಅದನ್ನು ಅಕ್ಷರಶಃ ಮಾಡಿದವಳಿಗೆ ಸೊನ್ನೆ ಕೊಟ್ಟ ಮೇಲೆ, ಆರು ನಿಮಿಷದಲ್ಲಿ ಪೆನ್ಸಿಲ್ ಗುರುತು ಹಾಕುವವರಿಗೆ ಎಷ್ಟು ಕೊಡುತ್ತೀರಿ? ಇನ್ನು ಪ್ರೇರಣೆ. ಅದನ್ನು ಬಸ್ಸಿನಲ್ಲಿ ಹಾಕಿ ಕಳಿಸಲು ಬರುವುದಿಲ್ಲ. ಮಾಡಿದ ಕೆಲಸ ಯಾರಿಗೋ ನಿಜವಾಗಿ ಉಪಯೋಗವಾಯಿತು ಎಂದು ಕಣ್ಣಾರೆ ಕಂಡವನಿಗೆ ಅದು ತಾನೇ ಹುಟ್ಟುತ್ತದೆ. ರೊಸ್ಲಾನ್ ಸಾಹೇಬರಿಗೆ ಹುಟ್ಟಿದ್ದನ್ನು ನಾನು ನೋಡಿದ್ದೇನೆ.

ಹೋಗುವ ದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ನಾವು ಹದಿನೈದು ಹೆಂಗಸರು ಹೋಗಿದ್ದೆವು. ಆಕೆಯ ಗಂಡ ಶಾಲೆಯ ವ್ಯಾನು ಓಡಿಸುತ್ತಾನೆ, ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಓದುತ್ತಿದ್ದಾರೆ. ಅವರನ್ನೆಲ್ಲ ಬಿಟ್ಟು ಒಬ್ಬಳೇ ಹೊರಟಿದ್ದಳು. ಚಿಕ್ಕವಳು ತಾಯಿಯ ಚೀಲದ ಪಟ್ಟಿ ಹಿಡಿದು ಬಿಡಲೊಲ್ಲಳು. ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ ಎಂದು ದಾಖಲಿಸುತ್ತೇನೆ. ಮೇಲ್ಮನವಿ ಹಾಕು ಎಂದು ನಾನು ಗದರಿದೆ. ಆಕೆ ಅಡ್ಡಡ್ಡ ತಲೆಯಾಡಿಸಿದಳು. "ಹಾಕಿದ್ರೆ ನನ್ನೊಬ್ಬಳ ಗೋಳಾಗತ್ತೆ ಮೊಕ್. ನನಗೆ ಇಪ್ಪತ್ತೆರಡು ನಿಮಿಷ ಸರಿ ಅಂತ ಅವರು ಒಪ್ಕೋಬೇಕು. ಇಲ್ದಿದ್ರೆ ವಾಪಸು ಬಂದು ಏನು ಮಾಡ್ಲಿ, ಪೆನ್ಸಿಲಲ್ಲಿ ಗುರುತು ಹಾಕ್ಲಾ?"

ಆಕೆ ಹೋದ ಮೊದಲ ವಾರ ನಾವು ಮಾರುಕಟ್ಟೆಯ ಹೆಂಗಸರು ಒಂದು ಕೆಲಸ ಮಾಡಿದೆವು, ಅದನ್ನು ತಾವು ಪ್ರತಿಭಟನೆ ಎಂದು ಕರೆಯುವಂತಿಲ್ಲ. ಒಬ್ಬೊಬ್ಬರೇ ಚೀಟಿ ತೆಗೆದುಕೊಂಡು ಕೌಂಟರಿಗೆ ಹೋಗಿ, "ನನ್ನ ಕರಾರು ಓದಿ ಹೇಳಿ" ಎಂದೆವು. ಸಾಲು ರಸ್ತೆ ದಾಟಿ ಆಚೆಯ ಬ್ಯಾಂಕಿನ ಮೆಟ್ಟಿಲು ಮುಟ್ಟಿತು. ಆರು ನಿಮಿಷಕ್ಕೆ ಗಂಟೆ ಬಾರಿಸುವ ನಿಮ್ಮ ಹೊಸ ಯಂತ್ರ ಬಾರಿಸುತ್ತಲೇ ಇತ್ತು. ಎಲ್ಲರಿಗಿಂತ ಉದ್ದ ಓದಿದವನು ಹಕೀಮ್, ಇಪ್ಪತ್ತೊಂಬತ್ತು ನಿಮಿಷ, ನಡುನಡುವೆ ಉದಾಹರಣೆ ಸಮೇತ. ಬುಡು ಮಾರುವವಳಿಗೆ ನಡುವೆ ನಿದ್ದೆ ಬಂದರೂ ಅವನು ಬಿಡಲಿಲ್ಲ, ಎಬ್ಬಿಸಿ ಮತ್ತೆ ಮೊದಲಿನಿಂದ ಹೇಳಿದ.

ಈಗ ತಮಗಿನ್ನೂ ತಲುಪಿರದ ಸುದ್ದಿ. ನಿನ್ನೆ ಮಧ್ಯಾಹ್ನ ಕೋತಾ ಬಾರು ಶಾಖೆಯ ಒಂಬತ್ತೂ ಮಂದಿ, ರೊಸ್ಲಾನ್ ಸಾಹೇಬರಿಂದ ಹಿಡಿದು ಫೋನಿನ ಹುಡುಗಿಯವರೆಗೆ, ತಮ್ಮ ವಿಭಾಗದ್ದೇ ನಮೂನೆ ತುಂಬಿ ವರ್ಗಾವಣೆ ಕೇಳಿ ಅಂಚೆಗೆ ಹಾಕಿದ್ದಾರೆ. ಕೋರಿದ ಸ್ಥಳ: ಶಾ ಆಲಂ, ಕಡತದ ಗೋದಾಮು. ಕಾವಲುಗಾರ ಗುತ್ತಿಗೆಯವನು, ಅವನಿಗೆ ಆ ನಮೂನೆ ಅನ್ವಯವಾಗುವುದಿಲ್ಲವೆಂದು ಮುಖ ಊದಿಸಿಕೊಂಡಿದ್ದಾನೆ. ಅಂಚೆಗೆ ಹಾಕುವ ಮುನ್ನ ನಾನು ಅರ್ಜಿಗಳನ್ನು ನೋಡಿದೆ. ವರ್ಗಾವಣೆಗೆ ಕಾರಣ ಎಂಬ ಖಾಲಿ ಜಾಗದಲ್ಲಿ ಒಂಬತ್ತು ಜನವೂ, ಒಂಬತ್ತು ಬಗೆಯ ಕೈಬರಹದಲ್ಲಿ, ಒಂದೇ ಪದ ಬರೆದಿದ್ದಾರೆ: ಪ್ರೇರಣೆ.

ನಿಯಮದ ಪ್ರಕಾರ ಪ್ರತಿ ಅರ್ಜಿಗೂ ತಾವು ಲಿಖಿತ ಉತ್ತರ ಕೊಡಬೇಕು. ಒಪ್ಪಿದರೆ ಪೂರ್ವ ಕರಾವಳಿಯ ಮೊದಲನೇ ಶಾಖೆಯಲ್ಲಿ ದೀಪ ಹಾಕುವವರೂ ಇರುವುದಿಲ್ಲ. ತಿರಸ್ಕರಿಸಿದರೆ, ಕಾರಣ ಸರಿಯಿಲ್ಲ ಎಂದು ತಮ್ಮ ಕೈಯಿಂದಲೇ ಬರೆಯಬೇಕಾಗುತ್ತದೆ. ಒಂಬತ್ತೂ ಅರ್ಜಿಗಳನ್ನು ಒಂದೇ ಸಲ ಅನಗತ್ಯ ಮಾಡುವ ಆದೇಶವೂ ಒಂದಿದೆ, ಅದು ಎರಡೇ ಸಾಲಿನದು: ನಿಕ್ ರುಸ್ನಾನಿ ಮರಳಿ ಕೋತಾ ಬಾರುವಿಗೆ, ಕರಾರು ತಿಳಿಸಿ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಎರಡನೇ ಸಾಲು ಇಲ್ಲದೆ ಮೊದಲನೆಯದನ್ನು ಮಾತ್ರ ಕಳಿಸಬೇಡಿ, ಆಕೆ ಬರುವುದಿಲ್ಲ.

ಇಂತಿ,
ಈ ಪತ್ರದ ದೆಸೆಯಿಂದ ಮೂರು ದಿನದ ಸೆರುಂಡಿಂಗ್ ತಳಹತ್ತಿಸಿಕೊಂಡ, ತಮ್ಮ ಬ್ಯಾಂಕಿನ ಆರು ನಿಮಿಷದ ಗ್ರಾಹಕಿ,
ವಾನ್ ಸೆಪಿಯಾ
ದೊಡ್ಡ ಮಾರುಕಟ್ಟೆ, ಕೋತಾ ಬಾರು